ಮಾತಿನಿಂದ ಚಿತ್ರವನ್ನು ಬರೆಯಿಸುವ ಬಗೆ



ಸ್ನೇಹಸಮ್ಮೇಲನದಲ್ಲಿ ನಾಟಕವಾಡಿದವರಿಗೆಲ್ಲ 'ಪ್ರಾಂಪ್ಟರ'ನ ಪರಿಚಯ ಇದ್ದೇ ಇರುವುದು. ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತ ನಟನಿಗೆ ಮೊದಲ ಎರಡು ಪದಗಳನ್ನು ಮೆಲುದನಿಯಲ್ಲಿ ಎತ್ತಿಕೊಡುವವನು ಆತ. ಎತ್ತಿಕೊಟ್ಟ ಮಾತು ಸರಿಯಾಗಿದ್ದರೆ ನಟನು ಉಳಿದುದನ್ನು ನಿರರ್ಗಳವಾಗಿ ನುಡಿಯುತ್ತಾನೆ. ತಪ್ಪಿದರೆ ಮೂರನೆಯ ಅಂಕದ ಮಾತು ಮೊದಲನೆಯ ಅಂಕದಲ್ಲಿಯೇ ಹೊರಬಿದ್ದು ಸಭೆ ನಗುತ್ತದೆ. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ನಾವು ಬರೆದುಕೊಡುವ ಮಾತಿಗೂ 'ಪ್ರಾಂಪ್ಟ್' ಎಂಬ ಅದೇ ಜಾತಿಯ ಹೆಸರು ಬಂದಿದೆ. ಈ ಲೇಖನದಲ್ಲಿ ನಾನು ಅದನ್ನು 'ಸೂಚನೆ' ಎಂದು ಕರೆಯುವೆನು. ಸೂಚನೆ ಕೊಟ್ಟರೆ ಕೆಲವೇ ಕ್ಷಣಗಳಲ್ಲಿ ಚಿತ್ರವೊಂದನ್ನು ಮುಂದಿಡುವ ಯಂತ್ರಗಳು 2022ರಿಂದೀಚೆಗೆ ಜನಸಾಮಾನ್ಯರ ಕೈಗೆ ಬಂದಿವೆ. ನಿಮ್ಮಲ್ಲಿ ಅನೇಕರು ಮನೆಯವರ ಮೊಬೈಲಿನಲ್ಲಿ ಅವನ್ನು ಆಡಿಸಿ ನೋಡಿರುವಿರಿ. ಆಟ ಬೇರೆ, ಮನಸ್ಸಿನಲ್ಲಿರುವ ಚಿತ್ರವನ್ನೇ ಅದರಿಂದ ಪಡೆಯುವುದು ಬೇರೆ. ಆ ಎರಡನೆಯದು ಎಷ್ಟು ಕಷ್ಟವೆಂಬುದನ್ನು ನಾನು ಒಬ್ಬ ವಿದ್ಯಾರ್ಥಿನಿಯ ಜೊತೆಯಲ್ಲಿ ಕುಳಿತು ಕಲಿತೆನು. ಆ ಸಂಗತಿಯನ್ನೇ ಇಲ್ಲಿ ಹೇಳುತ್ತೇನೆ.

ಹಿಂದಿನ ವರ್ಷ ಮಳೆಗಾಲದಲ್ಲಿ ನಮ್ಮ ಭಿತ್ತಿಪತ್ರಿಕೆಗೆ 'ನಮ್ಮ ಹಿರಿಯರು' ಎಂಬ ವಿಷಯವನ್ನು ಕೊಡಲಾಗಿತ್ತು. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ತನ್ನ ಅಜ್ಜನ ಕುರಿತು ಬರೆದಳು. ಅಜ್ಜ 1958ರಲ್ಲಿ, ಹನ್ನೆರಡು ವರ್ಷದ ಬಾಲಕನಾಗಿ, ಉಡುಪಿಯ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಲೋಟ ತಟ್ಟೆಗಳನ್ನು ತೊಳೆಯುವ ಕೆಲಸ. ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ವಿದ್ಯಾಭ್ಯಾಸ. ಈ ನಗರದಲ್ಲಿ ಹೀಗೆ ಓದಿ ಮುಂದೆ ಬಂದ ಕನ್ನಡಿಗರು ಬಹಳ ಮಂದಿ. ನಿಮ್ಮ ಮನೆಗಳಲ್ಲಿಯೂ ಅಂತಹ ಹಿರಿಯರು ಇರಬಹುದು. ಲೇಖನ ಚೆನ್ನಾಗಿತ್ತು. ಜೊತೆಗೆ ಒಂದು ಚಿತ್ರ ಬೇಕಾಯಿತು. ಆದರೆ ಆ ರಾತ್ರಿಶಾಲೆಯ ಒಂದೇ ಒಂದು ಫೋಟೋ ಕೂಡ ಅವರ ಮನೆಯಲ್ಲಿರಲಿಲ್ಲ. "ಫೋಟೋ ತೆಗೆಸಲು ಆಗ ಯಾರ ಹತ್ತಿರ ದುಡ್ಡಿತ್ತು, ಮಗಾ?" ಎಂದು ಅಜ್ಜ ನಕ್ಕರಂತೆ. ಯಂತ್ರದಿಂದ ಬರೆಯಿಸಬಹುದೇ ಎಂದು ಹುಡುಗಿ ನನ್ನನ್ನು ಕೇಳಿದಳು. ಆಗಬಹುದೆಂದು ಹೇಳಿ, ಶಾಲೆಯ ಗಣಕಯಂತ್ರದ ಮುಂದೆ ಅವಳ ಪಕ್ಕದಲ್ಲಿ ನಾನೂ ಕುಳಿತೆನು. ಒಂದು ತಾಸಿನ ಕೆಲಸವೆಂದು ಭಾವಿಸಿದ್ದೆವು. ಮೂರು ವಾರ ಹಿಡಿಯಿತು.

ಮುಂದೆ ಹೋಗುವ ಮೊದಲು ಯಂತ್ರವು ಚಿತ್ರವನ್ನು ಹೇಗೆ ಬರೆಯುತ್ತದೆಂಬುದನ್ನು ತುಸು ತಿಳಿಯಬೇಕು. ಇಲ್ಲವಾದರೆ ಅದರ ತಪ್ಪುಗಳ ಕಾರಣ ತಿಳಿಯದು. ಒಂದು ಹನಿ ಮಸಿಯನ್ನು ನೀರಿನ ಲೋಟಕ್ಕೆ ಬಿಡಿರಿ. ಅದು ಹರಡುತ್ತ ಹರಡುತ್ತ ಕೊನೆಗೆ ಎಲ್ಲೆಡೆಯೂ ಒಂದೇ ಬಣ್ಣವಾಗುತ್ತದೆ. ಹರಡಿದ ಮಸಿಯನ್ನು ಮರಳಿ ಹನಿಯಾಗಿಸಲು ಸಾಧ್ಯವೇ? ನೀರಿನಲ್ಲಿ ಸಾಧ್ಯವಿಲ್ಲ. ಆದರೆ ಚಿತ್ರಗಳಲ್ಲಿ ಅಂತಹದನ್ನು ಮಾಡಬಹುದೆಂಬ ವಿಚಾರವನ್ನು ಭೌತಶಾಸ್ತ್ರದಿಂದ ಎರವಲು ಪಡೆದು ವಿಜ್ಞಾನಿಗಳು 2015ರಲ್ಲಿ ಮುಂದಿಟ್ಟರು. 2020ರ ಹೊತ್ತಿಗೆ ಅದು ಫಲ ಕೊಡತೊಡಗಿತು. ಚಿತ್ರದ ಮೇಲೆ ಮರಳು ಎರಚಿದಂತೆ ಚುಕ್ಕೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋಗುತ್ತಾರೆ. ಕೊನೆಗೆ ಚುಕ್ಕೆಗಳ ಹೊರತು ಏನೂ ಉಳಿಯದು. ಬೆರೆಸಿದ ಚುಕ್ಕೆಗಳಾವುವು ಎಂದು ಊಹಿಸಿ ತೆಗೆಯುವ ಅಭ್ಯಾಸವನ್ನು ಯಂತ್ರಕ್ಕೆ ಕೋಟಿಗಟ್ಟಲೆ ಚಿತ್ರಗಳ ಮೇಲೆ ಮಾಡಿಸುತ್ತಾರೆ. ಪಳಗಿದ ಮೇಲೆ, ಬರಿಯ ಚುಕ್ಕೆಗಳನ್ನು ಅದರ ಮುಂದಿಟ್ಟು "ಇದರಲ್ಲಿ ಒಂದು ಆನೆಯಿದೆ" ಎಂದು ಹೇಳಿದರೆ, ಚುಕ್ಕೆಗಳನ್ನು ತೆಗೆಯುತ್ತ ತೆಗೆಯುತ್ತ ಅದು ಆನೆಯನ್ನು ಹೊರಡಿಸುತ್ತದೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ನಮ್ಮ ಮಾತು ಅದನ್ನು ಒಂದು ದಿಕ್ಕಿಗೆ ಎಳೆಯುತ್ತಿರುತ್ತದೆ. ಎಲ್ಲ ಯಂತ್ರಗಳ ರೀತಿಯೂ ಇದೇ ಅಲ್ಲ. ಆದರೆ ಬಹುಮಟ್ಟಿಗೆ ಇದು.

ಆನೆ ಎಂಬ ಪದಕ್ಕೆ ಯಾವ ಆಕಾರ ಸಲ್ಲುವುದೆಂದು ಅದು ತಿಳಿದುದು ಹೇಗೆ? ಚಿತ್ರ ಮತ್ತು ಅದರ ಕೆಳಗಿನ ಬರಹ, ಇವೆರಡರ ಜೋಡಿಗಳಿಂದ. 2022ರಲ್ಲಿ ಪ್ರಕಟವಾದ ಲಾಯನ್ ಎಂಬ ದೊಡ್ಡ ಸಂಗ್ರಹದಲ್ಲಿ ಇಂತಹ ಸುಮಾರು 585 ಕೋಟಿ ಜೋಡಿಗಳಿದ್ದವು. ಅವುಗಳಲ್ಲಿ 230 ಕೋಟಿಗೂ ಮಿಕ್ಕಿ ಇಂಗ್ಲಿಷ್ ಒಂದರಲ್ಲಿಯೇ. ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದ ಸ್ಟೇಬಲ್ ಡಿಫ್ಯೂಷನ್ ಎಂಬ ಯಂತ್ರವನ್ನು ಮುಖ್ಯವಾಗಿ ಆ ಇಂಗ್ಲಿಷ್ ಪಾಲಿನ ಮೇಲೆ ಪಳಗಿಸಿದ್ದರು. ಆದುದರಿಂದ ನಾವು ಹೇಳದೆ ಬಿಟ್ಟ ಜಾಗವನ್ನು ಯಂತ್ರವು ಖಾಲಿ ಬಿಡುವುದಿಲ್ಲ. ತಾನು ಹೆಚ್ಚಾಗಿ ಕಂಡುದನ್ನು ಅಲ್ಲಿ ತುಂಬುತ್ತದೆ. ಅದು ಹೆಚ್ಚಾಗಿ ಕಂಡುದು ನಮ್ಮ ರಾತ್ರಿಶಾಲೆಯನ್ನಂತೂ ಅಲ್ಲ.

ಹುಡುಗಿಯ ಮೊದಲ ಸೂಚನೆ ಹೀಗಿತ್ತು: 'ರಾತ್ರಿ ಶಾಲೆಯಲ್ಲಿ ಓದುತ್ತಿರುವ ಹುಡುಗ.' ಬಂದ ಚಿತ್ರದಲ್ಲಿ ಕೆಂಪು ಗಲ್ಲದ ಪುಟ್ಟ ಬಾಲಕ, ಕಿಟಕಿಯಲ್ಲಿ ದೊಡ್ಡ ಚಂದ್ರ, ಮೇಜಿನ ಮೇಲೆ ಚರ್ಮದ ರಟ್ಟಿನ ಪುಸ್ತಕಗಳ ರಾಶಿ. ವಿದೇಶದ ಕಥೆಪುಸ್ತಕದ ಪುಟದಂತೆ ಚೆಂದವಾಗಿತ್ತು. ನಮಗೆ ಬೇಕಾದುದು ಅದಾಗಿರಲಿಲ್ಲ. ತಪ್ಪು ಯಂತ್ರದ್ದಲ್ಲ: ಆರು ಪದವೂ ಇಲ್ಲದ ವಾಕ್ಯದಲ್ಲಿ ಊರಿಲ್ಲ, ಕಾಲವಿಲ್ಲ, ಹುಡುಗನ ವಯಸ್ಸಿಲ್ಲ. ಎರಡನೆಯ ಸಲ ಅವಳು '1962ನೆಯ ಇಸವಿ, ಮುಂಬಯಿ, ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗರು' ಎಂದು ಸೇರಿಸಿದಳು. ಬಂದ ಹುಡುಗರೆಲ್ಲ ಬಿಳಿಯ ಕೋಟು, ಹಿತ್ತಾಳೆಯ ಗುಂಡಿ, ತಲೆಗೆ ದುಂಡನೆಯ ಟೊಪ್ಪಿಗೆ ಧರಿಸಿ, ಅರಮನೆಯಂತಹ ಕಟ್ಟಡದಲ್ಲಿ ಸಾಲಾಗಿ ಕುಳಿತಿದ್ದರು! ನಾವಿಬ್ಬರೂ ನಕ್ಕೆವು. ನಕ್ಕ ಮೇಲೆ ಕಾರಣ ಹೊಳೆಯಿತು. ನಾವು 'ಹೋಟೆಲು' ಎಂದಾಗ ಇಡ್ಲಿ, ಚಹಾ ಸಿಗುವ ಸಣ್ಣ ಅಂಗಡಿಯನ್ನು ನೆನೆಯುತ್ತೇವೆ. ಇಂಗ್ಲಿಷಿನವನು ಪ್ರವಾಸಿಗಳು ಇಳಿದುಕೊಳ್ಳುವ ವಸತಿಗೃಹವನ್ನು ನೆನೆಯುತ್ತಾನೆ. ಯಂತ್ರವು ಇಂಗ್ಲಿಷಿನ ಅರ್ಥವನ್ನು ಹಿಡಿದಿತ್ತು. ಈಗ ಹಲವು ಯಂತ್ರಗಳು ಕನ್ನಡದ ಸೂಚನೆಯನ್ನೂ ಸ್ವೀಕರಿಸುತ್ತವೆ. ಆದರೂ ಪದವೊಂದನ್ನು ಬರೆಯುವ ಮುನ್ನ, ಇದನ್ನು ನಮ್ಮ ಮನೆಯ ಹೊರಗಿನವನು ಕೇಳಿದರೆ ಏನೆಂದು ತಿಳಿಯುವನು ಎಂದು ಯೋಚಿಸುವುದು ಒಳ್ಳೆಯದು. 'ಮೂರು ನಾಲ್ಕು ಮೇಜುಗಳಿರುವ, ಇಡ್ಲಿ ಚಹಾ ಮಾರುವ ಚಿಕ್ಕ ಉಪಾಹಾರ ಗೃಹ' ಎಂದು ಬಿಡಿಸಿ ಬರೆದಾಗ ಹಿತ್ತಾಳೆಯ ಗುಂಡಿಗಳು ಮಾಯವಾದವು.

ಮೂರನೆಯ ಚಿತ್ರವೇ ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದುದು. ಹುಡುಗಿ ಅದರ ಸೂಚನೆಯಲ್ಲಿ 'ಬಡ ಹುಡುಗರು' ಎಂಬ ಮಾತನ್ನು ಸೇರಿಸಿದ್ದಳು. ಸುಳ್ಳೇನಲ್ಲ, ಅವರು ಬಡವರೇ ಆಗಿದ್ದರು. ಯಂತ್ರವು ಹರಿದ ಅಂಗಿ, ಕೆದರಿದ ತಲೆ, ಮಸಿ ಬಳಿದಂತಹ ಕೆನ್ನೆ, ನೋಡುವವರನ್ನೇ ದಿಟ್ಟಿಸುವ ದೊಡ್ಡ ಕಂಬನಿಗಣ್ಣುಗಳನ್ನು ಬರೆದುಕೊಟ್ಟಿತು. ನೋಡಿದರೆ ಯಾರಿಗಾದರೂ ಕರುಳು ಚುರ್ರೆನ್ನುವಂತಿತ್ತು. ನನಗೂ ಅದು ಹಿಡಿಸಿತ್ತೆಂಬುದನ್ನು ಮುಚ್ಚಿಡಲಾರೆ. ಹುಡುಗಿ ಅದನ್ನು ಮನೆಗೆ ಒಯ್ದು ಅಜ್ಜನಿಗೆ ತೋರಿಸಿದಳು. ಮರುದಿನ ಅಜ್ಜ ತಾವೇ ಶಾಲೆಗೆ ಬಂದರು.

"ಮಾಸ್ಟ್ರೇ, ಇವರು ಯಾರು?" ಎಂದು ಚಿತ್ರವನ್ನು ನನ್ನ ಮೇಜಿನ ಮೇಲಿಟ್ಟರು. "ನಮ್ಮ ಹತ್ತಿರ ದುಡ್ಡಿರಲಿಲ್ಲ, ನಿಜ. ಕೊಳಕರಾಗಿರಲಿಲ್ಲ. ದಿನವಿಡೀ ಎಂಜಲು ಲೋಟ ತೊಳೆದವರು ಹಾಗೆಯೇ ಶಾಲೆಗೆ ಹೋಗುತ್ತಿದ್ದೆವೆಂದು ತಿಳಿದಿರಾ? ನಲ್ಲಿಯ ಕೆಳಗೆ ಮುಖ ಕೈಕಾಲು ತೊಳೆದು, ಎಣ್ಣೆ ಹಚ್ಚಿ ತಲೆ ಬಾಚಿ, ಒಗೆದಿಟ್ಟ ಅಂಗಿಯನ್ನು ತೊಟ್ಟು ಹೋಗುತ್ತಿದ್ದೆವು. ಇದ್ದುದು ಎರಡೇ ಅಂಗಿ. ಒಂದು ಶಾಲೆಗೆಂದೇ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಭಾರವಾದುದೇನೋ ಇತ್ತು. ನನಗೆ ನಾಚಿಕೆಯಾಯಿತು. ಅವರನ್ನು ಕೂರಿಸಿ, ಹುಡುಗಿಯನ್ನು ಕರೆಯಿಸಿ, ನೋಟುಬುಕ್ಕು ತೆರೆಯಲು ಹೇಳಿದೆನು.

ಮಿತ್ರರೇ, ಇಲ್ಲಿ ವ್ಯಾಕರಣದ ಒಂದು ಸಂಗತಿಯಿದೆ. ಸೂಚನೆಯಲ್ಲಿ ಗುಣವಾಚಕಗಳು ಎರಡು ಬಗೆ. 'ಖಾಕಿ', 'ಮೋಟು ತೋಳಿನ', 'ಎಣ್ಣೆ ಹಚ್ಚಿದ' ಎಂಬಂಥವು ಕಣ್ಣಿಗೆ ಕಾಣುವುದನ್ನು ಹೇಳುತ್ತವೆ. 'ಬಡ', 'ಸುಂದರ', 'ಸಾಂಪ್ರದಾಯಿಕ', 'ಭವ್ಯ' ಎಂಬಂಥವು ತೀರ್ಪನ್ನು ಹೇಳುತ್ತವೆ. ತೀರ್ಪಿನ ಪದವನ್ನು ಕೊಟ್ಟೊಡನೆ ನೀವು ಲೇಖಣಿಯನ್ನು ಯಂತ್ರದ ಕೈಗಿತ್ತಂತೆ; ಬಡತನವೆಂದರೆ ಏನೆಂದು ಅದು ತನ್ನ ಕೋಟಿಗಟ್ಟಲೆ ಚಿತ್ರಗಳಲ್ಲಿ ನೋಡಿ ನಿರ್ಧರಿಸುತ್ತದೆ. ಆ ಚಿತ್ರಗಳನ್ನು ತೆಗೆದವರು ಬಹುಮಟ್ಟಿಗೆ ಹೊರಗಿನಿಂದ ನೋಡಿದವರು. 'ಭಾರತದ ಹಳ್ಳಿ' ಎಂದು ಬರೆದು ನೋಡಿರಿ, ನಿಮ್ಮ ಅಜ್ಜಿಯ ಊರು ಅದರಲ್ಲಿ ಎಷ್ಟರಮಟ್ಟಿಗೆ ಇರುವುದೆಂದು ನಿಮಗೇ ತಿಳಿಯುವುದು. 'ಅತ್ಯುತ್ತಮ ಕಲಾಕೃತಿ', 'ಅತಿ ಸೂಕ್ಷ್ಮ ವಿವರಗಳುಳ್ಳ' ಮೊದಲಾದ ಹೊಗಳಿಕೆಯ ಮಾತುಗಳನ್ನು ಸೂಚನೆಯ ಬಾಲಕ್ಕೆ ಕಟ್ಟುವ ರೂಢಿಯೊಂದಿದೆ. ಮೊದಮೊದಲಿನ ಯಂತ್ರಗಳಲ್ಲಿ ಅವು ತಕ್ಕಮಟ್ಟಿಗೆ ನಡೆಯುತ್ತಿದ್ದವು. ಅವುಗಳಿಂದ ಎಲ್ಲ ಚಿತ್ರಗಳಿಗೂ ಮಿಠಾಯಿ ಅಂಗಡಿಯ ಕ್ಯಾಲೆಂಡರಿನ ಮಿರುಗು ಬರುತ್ತದೆಂಬುದು ನನ್ನ ಅಭಿಪ್ರಾಯ.

ಆ ದಿನ ಹುಡುಗಿ ಅಜ್ಜನನ್ನು ಕೇಳಿದ ಪ್ರಶ್ನೆಗಳು ಎಷ್ಟೆಂದು ನಾನು ಎಣಿಸಲಿಲ್ಲ. ದೀಪ ಯಾವುದು? ಲಾಟೀನೇ? ಅಲ್ಲ, ತಂತಿಯಲ್ಲಿ ತೂಗುವ ಒಂದೇ ಒಂದು ಹಳದಿ ಬಲ್ಬು. ಬೆಂಚುಗಳು? ಹಗಲಿನ ಪ್ರಾಥಮಿಕ ಶಾಲೆಯವು; ಹದಿನಾರು ಹದಿನೆಂಟು ವರ್ಷದವರ ಮೊಣಕಾಲು ಮೇಜಿಗೆ ತಗಲುತ್ತಿತ್ತು. ಮಾಸ್ತರರು? ಪಂಚೆ, ಮುಚ್ಚು ಕೊರಳಿನ ಕೋಟು, ಕರಿಯ ಟೊಪ್ಪಿಗೆ. ಅವರೂ ಹಗಲು ಎಲ್ಲಿಯೋ ಗುಮಾಸ್ತರು. ಗೋಡೆಯ ಮೇಲೆ? ಮೈಸೂರು ರಾಜ್ಯದ ನಕಾಶೆ. (1973ರ ತನಕ ನಮ್ಮ ರಾಜ್ಯದ ಹೆಸರು ಮೈಸೂರೆಂದೇ ಇತ್ತೆಂಬುದನ್ನು ನೀವು ಇತಿಹಾಸದ ಪಾಠದಲ್ಲಿ ಓದಿರುವಿರಿ, ಅಜ್ಜ ಅದನ್ನು ಗೋಡೆಯ ಮೇಲೆ ಓದಿದವರು.) ಕೊನೆಯ ಬೆಂಚಿನಲ್ಲಿ ಒಬ್ಬ ಯಾವಾಗಲೂ ಮೇಜಿನ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದ, ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸುವ ಸರದಿ ಅವನದು, ಮಾಸ್ತರರು ಅವನನ್ನು ಎಬ್ಬಿಸುತ್ತಿರಲಿಲ್ಲ. ಇದನ್ನು ಹೇಳುವಾಗ ಅಜ್ಜ ಸುಮ್ಮನಾದರು. ಮೊಮ್ಮಗಳು ಇದೊಂದನ್ನೂ ಮೊದಲು ಕೇಳಿರಲಿಲ್ಲ. ಅವಳ ಮೊದಲಿನ ಲೇಖನದಲ್ಲಿ ಇದಾವುದೂ ಇರಲಿಲ್ಲ.

ಈ ಸಾಮಗ್ರಿಯನ್ನು ಸೂಚನೆಯಾಗಿ ಕಟ್ಟುವಾಗ ಮತ್ತಷ್ಟು ಎಡವಿದೆವು. 'ಲಾಟೀನು ಇಲ್ಲ' ಎಂದು ಬರೆದೆವು. ಬಂದ ಚಿತ್ರದಲ್ಲಿ ಎರಡು ಲಾಟೀನುಗಳಿದ್ದವು. ಇಂತಹ ಅನೇಕ ಯಂತ್ರಗಳಿಗೆ ನಿಷೇಧಾರ್ಥ ಸರಿಯಾಗಿ ತಿಳಿಯದು. ಲಾಟೀನು ಎಂಬ ಪದ ಕಿವಿಗೆ ಬಿದ್ದರೆ ಸಾಕು, ಲಾಟೀನು ಹಾಜರು. ಆದುದರಿಂದ ಏನು ಬೇಡವೆಂಬುದನ್ನು ಹೇಳದೆ, ಅದರ ಜಾಗದಲ್ಲಿ ಏನಿದೆಯೆಂಬುದನ್ನು ಹೇಳಬೇಕು. ಕೆಲವು ಯಂತ್ರಗಳಲ್ಲಿ ಬೇಡವಾದುದನ್ನು ಬರೆಯಲು ಬೇರೊಂದು ಚೌಕ ಇರುತ್ತದೆ. ಇದ್ದರೆ ಅದನ್ನು ಬಳಸಿರಿ. ಹುಡುಗರ ಸಂಖ್ಯೆಯನ್ನು ಹದಿನೇಳು ಎಂದು ಬರೆದರೆ ಹನ್ನೊಂದೋ ಇಪ್ಪತ್ತೋ ಬರುವರು. ಎಣಿಕೆ ಮುಖ್ಯವಲ್ಲದಿದ್ದರೆ 'ಮೂರು ಸಾಲು ಬೆಂಚುಗಳು' ಎನ್ನುವುದು ಲೇಸು. ಕರಿಹಲಗೆಯ ಮೇಲೆ ಕನ್ನಡ ಅಕ್ಷರಗಳನ್ನು ಬರೆಯಲು ಹೇಳಿದೆವು. ಅಲ್ಲಿ ಕಂಡ ಲಿಪಿಯನ್ನು ಕದಂಬರಿಂದೀಚೆಗೆ ಯಾರೂ ಬರೆದಿರಲಾರರು! ಆದುದರಿಂದ 'ಈಗತಾನೆ ಒರಸಿದ ಕರಿಹಲಗೆ' ಎಂದು ತಿದ್ದಿದೆವು. ನಕಾಶೆಯನ್ನೂ ಅರ್ಧ ನೆರಳಿಗೆ ಸರಿಸಬೇಕಾಯಿತು, ಏಕೆಂದರೆ ಯಂತ್ರವು ಬರೆದ ರಾಜ್ಯಕ್ಕೆ ಕಡಲೇ ಇರಲಿಲ್ಲ.

ಪದಗಳ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಮೇಲೆ ಹೇಳಿದ ಸ್ಟೇಬಲ್ ಡಿಫ್ಯೂಷನ್ನಿನ ಮೊದಲ ಆವೃತ್ತಿ ಒಮ್ಮೆಗೆ ಸುಮಾರು 75 ಪದತುಣುಕುಗಳನ್ನಷ್ಟೇ ಓದುತ್ತಿತ್ತು. ಆ ಬಳಿಕ ಬರೆದುದು ಅದರ ಪಾಲಿಗೆ ಇಲ್ಲದಂತೆಯೇ. ಹೊಸ ಯಂತ್ರಗಳು ಉದ್ದವಾದ ಸೂಚನೆಯನ್ನೂ ಓದುತ್ತವೆ. ಆದರೂ ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ ಎಂಬುದು ಮೊದಲು ಬರಲಿ. ಬೆಳಕು ಎತ್ತಣಿಂದ, ನೋಡುವವನು ಎಲ್ಲಿ ನಿಂತಿದ್ದಾನೆ, ಚಿತ್ರ ಯಾವ ಮಾಧ್ಯಮದ್ದು ಎಂಬುದು ತರುವಾಯ. ಇವುಗಳಲ್ಲಿ ನೋಡುವವನ ಸ್ಥಾನವನ್ನು ಎಲ್ಲರೂ ಮರೆಯುತ್ತಾರೆ. ಅದನ್ನು ಹೇಳದಿದ್ದರೆ ಯಂತ್ರವು ಎಲ್ಲರನ್ನೂ ಫೋಟೋಗೆ ನಿಂತವರಂತೆ ನಮ್ಮೆದುರಿಗೆ ತಿರುಗಿಸಿ ಕೂರಿಸುವುದುಂಟು. ಮತ್ತೊಂದು ಸಂಗತಿ. ಅದೇ ಸೂಚನೆಯನ್ನು ಎರಡು ಸಲ ಕೊಟ್ಟರೆ ಎರಡು ಬೇರೆ ಚಿತ್ರಗಳು ಬರುತ್ತವೆ, ಏಕೆಂದರೆ ಆರಂಭದ ಚುಕ್ಕೆಗಳ ರಾಶಿ ಪ್ರತಿ ಸಲವೂ ಬೇರೆ. ಆ ರಾಶಿಗೆ 'ಸೀಡ್' ಎಂಬ ಸಂಖ್ಯೆಯಿದೆ. ಯಂತ್ರವು ಅವಕಾಶ ಕೊಟ್ಟರೆ ಅದನ್ನು ಒಂದೇ ಆಗಿರಿಸಿ, ಒಂದು ಸಲಕ್ಕೆ ಒಂದೇ ಪದವನ್ನು ಬದಲಿಸಿರಿ. ಆಗ ಯಾವ ಪದದಿಂದ ಏನಾಯಿತೆಂಬುದು ಪ್ರಯೋಗಶಾಲೆಯಲ್ಲಿ ಕಂಡಂತೆ ಕಾಣುವುದು. 2022ರಲ್ಲಿ ಅಮೆರಿಕೆಯ ಕೊಲರಾಡೊ ರಾಜ್ಯದ ಮೇಳದಲ್ಲಿ ಜೇಸನ್ ಅಲನ್ ಎಂಬವರು ಯಂತ್ರದಿಂದ ಬರೆಯಿಸಿದ ಚಿತ್ರಕ್ಕೆ ಬಹುಮಾನ ಬಂದು ದೊಡ್ಡ ಚರ್ಚೆಯಾಯಿತು. ಆ ಚಿತ್ರಕ್ಕಾಗಿ ತಾವು ಕಡಿಮೆಯೆಂದರೂ 624 ಸಲ ಸೂಚನೆ ಕೊಟ್ಟು ತಿದ್ದಿದುದಾಗಿ ಅವರು ಹೇಳಿದ್ದಾರೆ. ಆದರೂ 2023ರಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ ಅದನ್ನು ಅವರ ಕೃತಿಯೆಂದು ನೋಂದಾಯಿಸಲು ಒಪ್ಪಲಿಲ್ಲ. ನಮ್ಮದು 40 ದಾಟಿರಲಿಕ್ಕಿಲ್ಲ.

ಸೂಚನೆಯ ಕೊನೆಯಲ್ಲಿ ಪ್ರಸಿದ್ಧ ಚಿತ್ರಕಾರರೊಬ್ಬರ ಹೆಸರನ್ನು ಬರೆದರೆ ಅವರ ಶೈಲಿ ಬರುವುದೆಂದು ವರ್ಗದ ಹುಡುಗನೊಬ್ಬ ಸಲಹೆ ಕೊಟ್ಟನು. ಬರುವುದು ನಿಜ. ಪೋಲೆಂಡಿನ ಗ್ರೆಗ್ ರುಟ್ಕೊವ್ಸ್ಕಿ ಎಂಬ ಚಿತ್ರಕಾರರ ಹೆಸರನ್ನು 2022ರಲ್ಲಿ ಜನರು ಹೀಗೆ ಎಷ್ಟು ಬಳಸಿದರೆಂದರೆ, ಅವರ ಹೆಸರಿನಲ್ಲಿ ಹುಡುಕಿದರೆ ಅವರು ಬರೆಯದ ಚಿತ್ರಗಳೇ ಎದುರಾಗತೊಡಗಿ ಅವರು ಬಹಿರಂಗವಾಗಿ ಆಕ್ಷೇಪಿಸಬೇಕಾಯಿತು. ಬದುಕಿ ದುಡಿಯುತ್ತಿರುವವನ ಕೈಬರಹವನ್ನು ಅವನನ್ನು ಕೇಳದೆ ಎರವಲು ಪಡೆಯುವುದು ನನಗೆ ಒಪ್ಪಿಗೆಯಿಲ್ಲ. 'ಪೆನ್ಸಿಲಿನ ಗೆರೆ, ಮೇಲೆ ತಿಳಿಯಾದ ಜಲವರ್ಣ' ಎಂದು ಮಾಧ್ಯಮವನ್ನು ಹೇಳಿದರೆ ಕೆಲಸ ನಡೆಯುತ್ತದೆ.

ಜಲವರ್ಣವನ್ನೇ ಆರಿಸಿದುದಕ್ಕೆ ಇನ್ನೊಂದು ಕಾರಣವಿತ್ತು. ಹುಡುಗಿಗೆ ಮೊದಲು ಹಳೆಯ ಕಪ್ಪು ಬಿಳುಪು ಫೋಟೋದಂತಹ ಚಿತ್ರ ಬೇಕಿತ್ತು. ಅದನ್ನು ಬರೆಯಿಸಿಯೂ ನೋಡಿದಳು. ಥೇಟು 1962ರ ಫೋಟೋ, ಅಂಚು ಕೂಡ ಮಾಸಿತ್ತು. ಅದನ್ನು ನೋಡಿ ನಾವಿಬ್ಬರೂ ಮೌನವಾದೆವು. 2023ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸರು ಉಬ್ಬಿದ ಬಿಳಿಯ ಚಳಿಯಂಗಿ ತೊಟ್ಟಂತೆ ಯಂತ್ರದಿಂದ ಬರೆಯಿಸಿದ ಚಿತ್ರವನ್ನು ಲೋಕದಾದ್ಯಂತ ಅಸಂಖ್ಯ ಜನರು ನಿಜವೆಂದೇ ನಂಬಿದ್ದರು. ಈ ಮನೆಯಲ್ಲಿಯೂ ಹತ್ತು ವರ್ಷಗಳ ಬಳಿಕ ಯಾರಾದರೂ ಆ ಹಾಳೆಯನ್ನು ಕಂಡು, ಆ ಅಪರಿಚಿತ ಮುಖವನ್ನೇ "ಇವರು ನಮ್ಮ ಅಜ್ಜ" ಎಂದು ತೋರಿಸಬಹುದಲ್ಲವೇ? ಹುಡುಗಿ ತಾನಾಗಿಯೇ ಅದನ್ನು ಅಳಿಸಿದಳು. ಅಜ್ಜನ ಈಗಿನ ಭಾವಚಿತ್ರವನ್ನು ಯಂತ್ರಕ್ಕೆ ಕೊಟ್ಟು ಎಳೆಯ ಮುಖವನ್ನು ಮಾಡಿಸುವ ಯೋಚನೆಯನ್ನೂ ಬಿಟ್ಟಳು. ಆ ಮುಖಕ್ಕೆ ಸಾಕ್ಷಿ ಹೇಳುವವರು ಯಾರೂ ಇಲ್ಲ. ಹಿಂದಿನಿಂದ ನೋಡಿದಂತೆ ಬರೆಯಿಸೋಣ, ಮುಖ ಬೇಡ ಎಂದಳು.

ಕೊನೆಗೆ ನಿಂತ ಸೂಚನೆಯನ್ನು ನಿಮ್ಮ ಅಭ್ಯಾಸಕ್ಕಾಗಿ ಪೂರ್ಣವಾಗಿ ಕೊಡುತ್ತೇನೆ:

'1962ನೆಯ ಇಸವಿ, ಮುಂಬಯಿಯ ಪುರಸಭೆಯ ಪ್ರಾಥಮಿಕ ಶಾಲೆಯ ಕೋಣೆ, ರಾತ್ರಿ. ಹದಿನಾರು ಹದಿನೆಂಟು ವರ್ಷದ ಹುಡುಗರು ಚಿಕ್ಕ ಮಕ್ಕಳ ಬೆಂಚುಗಳಲ್ಲಿ ಮೂರು ಸಾಲಾಗಿ ಕುಳಿತು ಬರೆಯುತ್ತಿದ್ದಾರೆ. ಮೊಣಕಾಲು ಮೇಜಿಗೆ ತಗಲಿದೆ. ಒಗೆದ, ಇಸ್ತ್ರಿಯಿಲ್ಲದ ಬಿಳಿಯ ಮೋಟು ತೋಳಿನ ಅಂಗಿ, ಖಾಕಿ ಚಡ್ಡಿ, ಬರಿಗಾಲು, ಎಣ್ಣೆ ಹಚ್ಚಿ ಬಾಚಿದ ಕೂದಲು. ಕೊನೆಯ ಬೆಂಚಿನಲ್ಲಿ ಒಬ್ಬನು ತೋಳಿನ ಮೇಲೆ ತಲೆಯಿಟ್ಟು ನಿದ್ರಿಸುತ್ತಿದ್ದಾನೆ. ಎದುರಿಗೆ ಪಂಚೆ, ಮುಚ್ಚು ಕೊರಳಿನ ಕೋಟು, ಕರಿಯ ಟೊಪ್ಪಿಗೆಯ ಮಾಸ್ತರರು, ಈಗತಾನೆ ಒರಸಿದ ಕರಿಹಲಗೆ. ಮೇಲೆ ತಂತಿಯಲ್ಲಿ ತೂಗುವ ಒಂದೇ ಹಳದಿ ಬಲ್ಬಿನ ಬೆಳಕು, ಮೂಲೆಗಳಲ್ಲಿ ಕತ್ತಲೆ. ಕೋಣೆಯ ಹಿಂಬದಿಯಿಂದ, ನಿಂತವನ ಕಣ್ಣೆತ್ತರದಿಂದ ಕಂಡಂತೆ. ಹುಡುಗರ ಬೆನ್ನು ಮಾತ್ರ ಕಾಣುತ್ತದೆ. ಪೆನ್ಸಿಲಿನ ಗೆರೆ, ತಿಳಿಯಾದ ಜಲವರ್ಣ.'

ಇದರಲ್ಲಿ 'ಬಡ' ಎಂಬ ಪದವಿಲ್ಲ. 'ಶ್ರಮಜೀವಿ', 'ಸ್ಫೂರ್ತಿದಾಯಕ' ಎಂಬ ಪದಗಳೂ ಇಲ್ಲ. ಓದಿದವನಿಗೆ ಅವು ಬೇಕಾದರೆ ತಾನೇ ಸೇರಿಸಿಕೊಳ್ಳುವನು.

ಭಿತ್ತಿಪತ್ರಿಕೆಯ ದಿನ ಅಜ್ಜ ಬಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಮಲಗಿದ ಹುಡುಗನ ಮೇಲೆ ಬೆರಳಿಟ್ಟರು. ಆಮೇಲೆ ಎದುರಿನ ಬೆಂಚಿನವನ ಕೈಯನ್ನು ತೋರಿಸಿ, "ಕೈ ಮಾತ್ರ ಸರಿಯಿಲ್ಲ, ಮಗಾ. ದಿನವಿಡೀ ನೀರಿನಲ್ಲಿ ನೆನೆದು ನಮ್ಮ ಬೆರಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಪೆನ್ನು ಜಾರುತ್ತಿತ್ತು," ಎಂದರು. ಹುಡುಗಿ ಅಂದು ಸಂಜೆ ಮತ್ತೆ ಐದಾರು ಸಲ ಪ್ರಯತ್ನಿಸಿದಳು. ಯಂತ್ರವು ಒಮ್ಮೆ ಮುದುಕನ ಕೈಯನ್ನು ಬರೆಯಿತು, ಒಮ್ಮೆ ಕೈಗವಸನ್ನು ತೊಡಿಸಿತು, ಉಳಿದಂತೆ ನುಣುಪಾದ ಚೆಂದದ ಬೆರಳುಗಳನ್ನೇ ಕೊಟ್ಟಿತು. ಕೊನೆಗೆ ಅವಳು ಚಿತ್ರವನ್ನು ಇದ್ದಂತೆಯೇ ಬಿಟ್ಟು, ಅದರ ಕೆಳಗೆ ತನ್ನ ಕೈಯಿಂದ ಹೀಗೆ ಬರೆದಳು: 'ಇದು ಫೋಟೋ ಅಲ್ಲ, ಯಂತ್ರದಿಂದ ಬರೆಯಿಸಿದ ಚಿತ್ರ. ಹೇಳಿದವರು ನನ್ನ ಅಜ್ಜ. ಹುಡುಗರ ಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗಾಗಿದ್ದವು. ಅದು ಚಿತ್ರದಲ್ಲಿ ಬಂದಿಲ್ಲ.'